ನಾಳೆಗೆ ಎರಡು ಕಟ್ಟು ಸೊಪ್ಪು

ಟಿಕ್ ಎಂದಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಟಿಕ್.

ಎಲ್ಲರೂ ಮಲಗಿದ ಮೇಲೆ ಮನೆಯ ಸದ್ದುಗಳನ್ನು ಎಣಿಸುವುದು ನನ್ನ ಕೆಟ್ಟ ಅಭ್ಯಾಸ. ಬಚ್ಚಲಿನ ನಲ್ಲಿ, ಫ್ರಿಜ್ಜು, ಮೇಲಿನ ಮನೆಯವರು ಎಳೆಯುವ ಕುರ್ಚಿ. ಇದು ಅವುಗಳಲ್ಲಿ ಯಾವುದೂ ಆಗಿರಲಿಲ್ಲ. ಎದ್ದು ಹೋಗಿ ನೋಡಿದರೆ, ಅಡುಗೆಮನೆಯ ಮೇಜಿನ ಮುಂದೆ ಅತ್ತೆ ಕೂತಿದ್ದರು. ಕನ್ನಡಕ ಮೂಗಿನ ತುದಿಗೆ ಜಾರಿತ್ತು. ಬಾಲ್‌ಪೆನ್ನಿನ ಹಿಂಬದಿಯನ್ನು ಒತ್ತುತ್ತಾ ಬಿಡುತ್ತಾ ಏನೋ ಯೋಚಿಸುತ್ತಿದ್ದರು. ಮುಂದೆ ಸರ್ವೆಯವರು ಕೊಟ್ಟುಹೋಗಿದ್ದ ಹಸಿರು ರಟ್ಟಿನ ಪುಸ್ತಕ ತೆರೆದಿತ್ತು.

"ಇನ್ನೂ ಮಲಗಿಲ್ವಾ ಅತ್ತೆ?"

"ಬರೆದು ಮಲಗ್ತೀನಿ. ನೀನು ಹೋಗು, ಬೆಳಿಗ್ಗೆ ಬಸ್ಸು ತಪ್ಪುತ್ತೆ."

ಮೂವತ್ತೊಂದು ವರ್ಷ ದೊಡ್ಡಾಸ್ಪತ್ರೆಯ ಅಡುಗೆಮನೆಯಲ್ಲಿ ಸ್ಟೋರ್ ಕೀಪರ್ ಆಗಿದ್ದವರು ಅವರು. ಒಂದು ಪುಸ್ತಕ, ಗೆರೆ ಎಳೆದ ಪುಟ, ಒಂದು ಪೆನ್ನು ಸಿಕ್ಕರೆ ಅವರಿಗೆ ನಿದ್ದೆ ಬೇಡ. ಒಳ್ಳೆಯದೇ ಆಯಿತು, ನನಗೊಂದು ಕೆಲಸ ಕಡಿಮೆ ಎಂದುಕೊಂಡು ಮಲಗಿದೆ.

ನಾವು ಈ ಮನೆಗೆ ಬಂದು ಎಂಟು ತಿಂಗಳಾಗಿತ್ತು. ನನ್ನ ಗಂಡ ಬ್ರೆಡ್ಡಿನ ಕಾರ್ಖಾನೆಯ ವ್ಯಾನ್ ಓಡಿಸುತ್ತಾರೆ. ಮೊದಲು ದಿನಕ್ಕೆ ಎರಡು ಸುತ್ತು ಇತ್ತು. ಒಂದು ಸುತ್ತು ನಿಂತಿತು, ಸಂಬಳವೂ ಅದರ ಜೊತೆಗೇ ಕುಸಿಯಿತು. ನಾನು ನೆಲಕ್ಕೆ ಹಾಸುವ ಟೈಲ್ಸ್ ಮಾರುವ ಅಂಗಡಿಯಲ್ಲಿ ಬಿಲ್ಲು ಬರೆಯುತ್ತೇನೆ. ಇಬ್ಬರದೂ ಸೇರಿಸಿದರೂ ಹಳೇ ಮನೆಯ ಬಾಡಿಗೆ ಕಟ್ಟುವುದು ಕಷ್ಟವಾಯಿತು. ಬಸ್ಸಿನ ಕೊನೇ ನಿಲ್ದಾಣದಿಂದಲೂ ಆಚೆಗಿರುವ ಈ ಕಟ್ಟಡದಲ್ಲಿ, ಮೂರನೇ ಮಹಡಿಯಲ್ಲಿ, ಬಾಡಿಗೆ ಅರ್ಧಕ್ಕರ್ಧ. ಹಿಗ್ಗಿಹೋದೆವು.

ಹಳೇ ಮನೆ ಮಾರ್ಕೆಟ್ಟಿನ ಬೆನ್ನಿಗೇ ಇತ್ತು. ಅನ್ನಕ್ಕೆ ಇಟ್ಟು ಚಪ್ಪಲಿ ಮೆಟ್ಟಿಕೊಂಡು ಇಳಿದರೆ, ಅದು ಬೇಯುವಷ್ಟರಲ್ಲಿ ಬೀನ್ಸ್ ಹಿಡಿದು ವಾಪಸ್ಸು ಬರಬಹುದಿತ್ತು. ಕತ್ತಲಾಗುವ ಹೊತ್ತಿಗೆ ಅಂಗಡಿ ಎತ್ತುವವರು ಕೇಳಿದ ಬೆಲೆಗೆ ಕೊಟ್ಟುಬಿಡುತ್ತಿದ್ದರು. ಇಲ್ಲಿ ಗೇಟಿನ ಪಕ್ಕ ಒಂದೇ ಅಂಗಡಿ. ಬಿಸ್ಕತ್ತು, ನೂಡಲ್ಸ್, ಸೋಪು, ಮೂಲೆಯ ಗೋಣಿಯಲ್ಲಿ ಈರುಳ್ಳಿ ಆಲೂಗಡ್ಡೆ. ಸೊಪ್ಪು ಬೇಕೆಂದರೆ ಬಸ್ಸು ಹತ್ತಿ ಹೆದ್ದಾರಿಯ ಗಾಜಿನ ಅಂಗಡಿಗೆ ಹೋಗಬೇಕು. ಅಲ್ಲಿ ಎಲೆಕೋಸಿಗೂ ಪ್ಲಾಸ್ಟಿಕ್ ಅಂಗಿ ತೊಡಿಸಿ, ಒಡವೆಯ ಹಾಗೆ ದೀಪದ ಕೆಳಗೆ ಇಟ್ಟಿರುತ್ತಾರೆ. ಒಂದು ಕೋಸಿನ ದುಡ್ಡಿಗೆ ಹಳೇ ಮಾರ್ಕೆಟ್ಟಿನಲ್ಲಿ ಮೂರು ಬರುತ್ತಿದ್ದವು, ಮೇಲೆ ಕೊಸರು ಬೇರೆ.

ಹೀಗೆ ನಮ್ಮ ತಟ್ಟೆ ಬೆಳ್ಳಗಾಗುತ್ತಾ ಬಂತು. ಅನ್ನ, ಆಲೂಗಡ್ಡೆ, ಬೇಳೆ, ಒಂದೊಂದು ದಿನ ಮೊಟ್ಟೆ. ಯಾವ ದಿನದಿಂದ ಎಂದು ಕೇಳಿದರೆ ಹೇಳಲಾರೆ.

ಮಗಳು ಶಾಲೆಯ ಮೈದಾನದಲ್ಲಿ ತಲೆ ಸುತ್ತಿ ಕೂತ ದಿನ ಮಾತ್ರ ನೆನಪಿದೆ. ಹನ್ನೆರಡು ವರ್ಷದ ಹುಡುಗಿ, ಓಟವೆಂದರೆ ಪ್ರಾಣ. ಅವಳ ಅಜ್ಜಿ ಕರೆಯುವುದೇ 'ಕುದುರೆ' ಎಂದು. ಕ್ಲಿನಿಕ್ಕಿನ ಡಾಕ್ಟರಮ್ಮ ಅವಳ ಕಣ್ಣಿನ ರೆಪ್ಪೆ ಎಳೆದು ನೋಡಿ, ರಕ್ತ ಪರೀಕ್ಷೆ ಬರೆದರು. ಹಿಮೋಗ್ಲೋಬಿನ್ ಒಂಬತ್ತು ಪಾಯಿಂಟ್ ಆರು ಎಂದು ಬಂತು.

"ಮಾತ್ರೆ ಕೊಡ್ತೀನಿ. ಮಾತ್ರೆ ಒಂದೇ ಸಾಲದು, ತಟ್ಟೆನೂ ಬದಲಾಗ್ಬೇಕು. ಸೊಪ್ಪು, ಬೀಟ್ರೂಟ್, ಬೀನ್ಸ್, ದಿನಾ. ಐದು ವಾರ ಬಿಟ್ಟು ಬನ್ನಿ. ಹನ್ನೊಂದು ದಾಟೋವರೆಗೂ ಓಡಿಸ್ಬೇಡಿ."

"ಆರನೇ ವಾರ ಓಟದ ಟೀಮಿಗೆ ಆರಿಸ್ತಾರೆ," ಎಂದಳು ಮಗಳು, ಡಾಕ್ಟರಿಗಲ್ಲ, ನೆಲಕ್ಕೆ.

ಅದೇ ವಾರ ಸರ್ವೆಯವಳು ಬಂದದ್ದು. ಬೆನ್ನಿಗೆ ಚೀಲ, ಕುತ್ತಿಗೆಗೆ ಗುರುತಿನ ಚೀಟಿ, ಮೂರು ಮಹಡಿ ಹತ್ತಿ ಏದುಸಿರು. ಯಾವ ಮನೆಗೆ ಎಷ್ಟು ವರಮಾನ, ಅದರಲ್ಲಿ ತರಕಾರಿಗೆ ಎಷ್ಟು ಹೋಗುತ್ತದೆ, ಅಂಗಡಿ ಎಷ್ಟು ದೂರ ಎಂದು ಬರೆಸುತ್ತಿದ್ದರಂತೆ. ನಾಲ್ಕು ವಾರ, ಕೊಂಡ ತರಕಾರಿಯನ್ನು ಕೊಂಡ ದಿನವೇ ಬರೆಯಬೇಕು: ಏನು, ಎಷ್ಟು, ಎಲ್ಲಿಂದ. ನಮ್ಮ ಕಟ್ಟಡದಲ್ಲಿ ಒಂಬತ್ತು ಮನೆ ಆರಿಸಿದ್ದರು. ನಾನು ಮೊದಲ ಪುಟವನ್ನು ಎರಡು ಸಲ ಓದಿ, 'ಇಲ್ಲಿ ಬರೆದಿರುವುದೆಲ್ಲ ನಿಜ' ಎಂಬ ಸಾಲಿನ ಕೆಳಗೆ ಸಹಿ ಮಾಡಿದೆ.

ರಾತ್ರಿ ಊಟಕ್ಕೆ ಕೂತಾಗ ಗಂಡ ಮೂಗು ಮುರಿದರು. "ನಮ್ಮ ಪಾತ್ರೆಯೊಳಗೆ ಇಣುಕೋಕೆ ಅವರ್ಯಾರು?"

"ಇಣುಕಲಿ ಬಿಡೋ," ಎಂದರು ಅತ್ತೆ. "ಪಾತ್ರೆ ಬೆಳಗಿ ಇಟ್ಟಿದೀವಿ. ಪುಸ್ತಕ ನಂಗೆ ಕೊಡು, ನಾನು ಬರೀತೀನಿ."

ಹದಿಮೂರನೇ ದಿನ, ಗುರುವಾರ, ನಾನು ಪುಸ್ತಕ ತೆರೆದೆ. ಶನಿವಾರ ಸರ್ವೆಯವಳು ಅರ್ಧ ದಾರಿಯ ತಪಾಸಣೆಗೆ ಬರುವವಳಿದ್ದಳು. ಕೂಡಿಕೆಯಲ್ಲಿ ತಪ್ಪಿದ್ದರೆ ನೋಡೋಣ ಎಂದು. ಅತ್ತೆಯ ಅಕ್ಷರ ಮುದ್ದಾಗಿತ್ತು. ಮೊದಲ ದಿನ: ಪಾಲಕ್ ಎರಡು ಕಟ್ಟು, ಕ್ಯಾರೆಟ್ ಅರ್ಧ ಕೆಜಿ. ಎರಡನೇ ದಿನ: ಬೀನ್ಸ್ ಅರ್ಧ ಕೆಜಿ, ಎಲೆಕೋಸು ಒಂದು. ಬುಧವಾರ: ಬೀಟ್ರೂಟ್ ಮುಕ್ಕಾಲು ಕೆಜಿ. 'ಎಲ್ಲಿಂದ' ಎಂಬ ಕಾಲಮ್ಮಿನಲ್ಲಿ, ಹದಿಮೂರು ಸಲವೂ, ಒಂದೇ ಪದ: ಸ್ಟೋರ್.

ಆ ಹದಿಮೂರು ದಿನದ ಅಡುಗೆ ಮಾಡಿದವಳು ನಾನು. ಕೆಳಗೆ ಸಹಿ ಮಾಡಿದವಳೂ ನಾನು.

"ಅತ್ತೆ, ಇದೇನಿದು?"

"ಯಾಕೆ, ಏನಾದ್ರೂ ಬಿಟ್ಟುಹೋಗಿದ್ಯಾ?"

"ಬಿಟ್ಟುಹೋಗೋದಲ್ಲ. ಬರದೇ ಇರೋದೆಲ್ಲ ಬರೆದಿದೀರಲ್ಲ! ಬೀಟ್ರೂಟ್ ಎಲ್ಲಿ ತಂದ್ವಿ ನಾವು?"

"ತಂದಿಲ್ಲ," ಎಂದರು ಅತ್ತೆ, ಅದರಲ್ಲಿ ಆಶ್ಚರ್ಯವೇನು ಎಂಬಂತೆ. "ಬರೆಯೋದು ಮೊದಲು, ಬರೋದು ಆಮೇಲೆ. ಆಸ್ಪತ್ರೆಲಿ ರಾತ್ರಿ ಊಟ ಬಡಿಸಿ ಆದ್ಮೇಲೆ ನಾಳೆಗೇನು ಬೇಕೂಂತ ಬರೀತಿದ್ದೆ. ಬೆಳಿಗ್ಗೆ ಐದಕ್ಕೆ ಲಾರಿ ಬಂದು ನಿಲ್ತಿತ್ತು. ಬರೀದೇ ಇದ್ದಿದ್ದನ್ನ ಯಾವ ಲಾರಿಯವನೂ ತರ್ಲಿಲ್ಲ ಕಣಮ್ಮ."

"ಇದು ತರಿಸೋ ಪುಸ್ತಕ ಅಲ್ಲ ಅತ್ತೆ. ತಂದಿದ್ದನ್ನ ಬರೆಯೋ ಪುಸ್ತಕ."

ಅವರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ಮೊದಲ ಪುಟದ ಸೂಚನೆಯನ್ನು ಬೆರಳಿಟ್ಟು ಓದಿದರು. ಅಷ್ಟು ಹೊತ್ತು ಅವರ ಮುಖವನ್ನು ನೋಡಲಾರದೆ ನಾನು ಆಲೂಗಡ್ಡೆಯ ಸಿಪ್ಪೆ ತೆಗೆಯತೊಡಗಿದೆ.

"ಸೂಚನೆ ಓದಲಿಲ್ಲ," ಎಂದರು ಕೊನೆಗೆ. "ಇಷ್ಟು ವರ್ಷ ಬರೆದವಳು ನಾನೇನು ಓದೋದು ಅಂದ್ಕೊಂಡೆ."

ಆ ಹೊತ್ತಿಗೆ ಗಂಡ ಬಂದರು. ಮೊದಲು ನಕ್ಕರು, ಪುಟ ತಿರುವುತ್ತಾ ಹೋದ ಹಾಗೆ ನಗು ಇಳಿಯಿತು. "ಓಹೋ. ಮಗ ತಂದು ಹಾಕದೇ ಇರೋದನ್ನೆಲ್ಲ ಲಿಸ್ಟು ಮಾಡಿ ಊರಿಗೆ ತೋರಿಸ್ತಿದೀಯಾ?"

"ನಿನ್ನ ಹೆಸರೆಲ್ಲಿ ಬರೆದಿದೀನೋ?"

"ಬೇರೆ ಬರೀಬೇಕಾ? ಬೆಳಿಗ್ಗೆ ಮೂರಕ್ಕೆ ಏಳ್ತೀನಿ, ಊರಿಗೆಲ್ಲ ಬ್ರೆಡ್ಡು ಹಂಚ್ತೀನಿ. ಮನೆಗೆ ಒಂದು ಕಟ್ಟು ಸೊಪ್ಪು ತರೋಕಾಗಲ್ಲ ಅನ್ನೋದು ನಂಗೆ ಗೊತ್ತಿಲ್ವಾ?"

"ಗೊತ್ತಿದ್ರೆ ಯಾಕೆ ಸುಮ್ನಿದೀಯ? ಕುದುರೆ ಮುಖ ನೋಡು, ಸುಣ್ಣದ ಗೋಡೆ ಹಾಗಾಗಿದೆ!"

"ಏನ್ ಮಾಡ್ಲಿ? ಗಾಜಿನಂಗಡಿ ದರೋಡೆ ಮಾಡ್ಲಾ?"

ಬಾಗಿಲಲ್ಲಿ ನಿಂತಿದ್ದ ಮಗಳು ಒಳಗೆ ಬಂದು ಪುಸ್ತಕಕ್ಕೆ ಬಗ್ಗಿದಳು. "ಅಜ್ಜಿ, ಬುಧವಾರ ನಾನು ಬೀಟ್ರೂಟ್ ತಿಂದೆನಾ?"

ಅತ್ತೆ ಪುಸ್ತಕ ಮುಚ್ಚಲು ಕೈ ಚಾಚಿದರೆ ಅವಳು ಪುಟದ ಮೇಲೆ ಬೆರಳಿಟ್ಟಳು.

"ಚೆನ್ನಾಗಿತ್ತಾ?"

ಅತ್ತೆಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಸೆರಗಿನಿಂದ ಕಣ್ಣು ಒತ್ತಿಕೊಂಡರು. "ಸ್ವಲ್ಪ ಉಪ್ಪು ಕಮ್ಮಿ ಇತ್ತು ಕಣೇ."

ಮರುದಿನ ನಾನು ಮಧ್ಯಾಹ್ನ ಅಂಗಡಿಯಿಂದ ಫೋನ್ ಮಾಡಿದರೆ ಅತ್ತೆ ಎತ್ತಲಿಲ್ಲ. ಮತ್ತೆ ಮಾಡಿದೆ. ಐದನೇ ಸಲಕ್ಕೆ ಮಾಲೀಕರಿಗೆ ತಲೆನೋವೆಂದು ಹೇಳಿ ಹೊರಟೆ. ಬಸ್ಸಿನಲ್ಲಿ ಕೂತು ಏನೇನು ಊಹಿಸಿಕೊಂಡೆನೋ, ಬರೆಯಲು ನಾಚಿಕೆಯಾಗುತ್ತದೆ. ಕಟ್ಟಡದ ಮೆಟ್ಟಿಲಿಗೆ ಬಂದಾಗ, ಮೊದಲ ಮಹಡಿಯ ತಿರುವಿನಲ್ಲಿ ಅತ್ತೆ ಕೂತಿದ್ದರು. ಪಕ್ಕದಲ್ಲಿ ಗಾಲಿಯ ಚೀಲ. ಅದರ ಬಾಯಿಂದ ಪಾಲಕ್ ಎಲೆಗಳು ಬಾಡಿ ಜೋತುಬಿದ್ದಿದ್ದವು.

"ಎರಡು ಬಸ್ಸು," ಎಂದರು, ಉಸಿರು ಹಿಡಿದುಕೊಂಡು. "ವಯಸ್ಸಾದೋರ ಪಾಸಿದೆ, ದುಡ್ಡು ಖರ್ಚಾಗಿಲ್ಲ. ಹಳೇ ಸೊಪ್ಪಿನವಳು ಇನ್ನೂ ಅಲ್ಲೇ ಕೂತಿದಾಳೆ. ನಿನ್ನ ಕೇಳಿದ್ಲು."

"ಫೋನ್ ಯಾಕೆ ತಗೊಂಡು ಹೋಗ್ಲಿಲ್ಲ?"

"ಎರಡು ಕೈಯಲ್ಲೂ ತರಕಾರಿ. ಫೋನ್ ಎಲ್ಲಿ ಹಿಡೀಲಿ?"

ಬೈಯಬೇಕೆಂದು ಬಾಯಿ ತೆರೆದವಳು ಚೀಲ ಎತ್ತಿಕೊಂಡೆ. ಎಂಟು ಕೆಜಿಯಾದರೂ ಇತ್ತು. ಅವರ ಮೊಣಕಾಲು ಎರಡೂ ಊದಿಕೊಂಡಿದ್ದವು.

ರಾತ್ರಿ ಪಾಲಕ್ ಬೇಯಿಸಿ, ಬೆಳ್ಳುಳ್ಳಿ ಹಾಕಿ ಹುರಿದೆ. ಬೀಟ್ರೂಟ್ ತಟ್ಟೆಯಲ್ಲಿ ಅನ್ನವನ್ನೆಲ್ಲ ಕೆಂಪು ಮಾಡಿತು. ಗಂಡ ತಟ್ಟೆ ಬಳಿದು ತಿಂದರು; ಎರಡನೇ ಸಲ ಬಡಿಸಿಕೊಂಡು ತಿಂದರು; ಕೈ ತೊಳೆದು ಬಂದು, ಅದಕ್ಕೇ ಕಾದಿದ್ದವರಂತೆ ಕೂಗಾಡಿದರು.

"ಇನ್ನೊಂದ್ಸಲ ನೀನು ಈ ಮೂಟೆ ಹೊತ್ಕೊಂಡು ಬಸ್ ಹತ್ತಿದ್ರೆ ನೋಡು!"

"ನೀನು ತಾ. ನಾನು ಹತ್ತಲ್ಲ."

"ನಾನು ಹೇಗಮ್ಮ ತರ್ಲಿ?"

"ದಿನಾ ಹನ್ನೊಂದು ಗಂಟೆಗೆ ಖಾಲಿ ವ್ಯಾನಲ್ಲಿ ಮಾರ್ಕೆಟ್ ಮುಂದೆನೇ ಬರ್ತೀಯಂತೆ. ಸೊಪ್ಪಿನವಳೇ ಹೇಳಿದ್ಲು. ಕೈ ಬೀಸಿದ್ರೂ ನಿಲ್ಸಲ್ವಂತೆ, ರಾಜಕುಮಾರ."

"ವ್ಯಾನಲ್ಲಿ ಬ್ರೆಡ್ಡು ಬಿಟ್ಟು ಇನ್ನೊಂದು ಸಾಮಾನು ಇಡೋ ಹಾಗಿಲ್ಲ. ಸೂಪರ್‌ವೈಸರ್ ನೋಡಿದ್ರೆ ಇರೋ ಒಂದು ಸುತ್ತೂ ಹೋಗುತ್ತೆ."

"ಕೇಳಿದೀಯಾ ಅವನನ್ನ?"

ಗಂಡ ಟವೆಲ್ ಎತ್ತಿಕೊಂಡು ಒಳಗೆ ಹೋದರು. ಅವರು ಯಾರ ಹತ್ತಿರವೂ ಏನನ್ನೂ ಕೇಳುವವರಲ್ಲ. ಮದುವೆಯಾದ ಹೊಸದರಲ್ಲಿ ದಾರಿ ತಪ್ಪಿದಾಗಲೂ ದಾರಿ ಕೇಳದೆ ನನ್ನನ್ನು ಎರಡು ಗಂಟೆ ಸುತ್ತಿಸಿದ್ದಾರೆ.

ಶನಿವಾರ ಸರ್ವೆಯವಳು ಬಂದು ಪುಸ್ತಕ ನೋಡಿ, "ಚೆನ್ನಾಗಿ ಬರೆದಿದೀರ," ಎಂದಷ್ಟೇ ಹೇಳಿದಳು. ಅತ್ತೆ ತುಟಿ ಬಿಗಿಹಿಡಿದು ನನ್ನ ಕಡೆ ನೋಡಿದರು. ತಪ್ಪನ್ನು ತಾವೇ ಹೇಳಬೇಕೆಂದು ಅವರು ಹೊರಟಿದ್ದರು. ಮೂವತ್ತೊಂದು ವರ್ಷದ ಬರವಣಿಗೆಯಲ್ಲಿ ತಪ್ಪು ಎಂಬ ಮಾತು ಅವರ ಬಾಯಿಗೆ ಬರಲಿಲ್ಲ. ಆ ಸಂಕಟ ನೋಡಲಾರದೆ, ಗೇಟಿನವರೆಗೆ ಬಿಟ್ಟುಬರುತ್ತೇನೆ ಎಂದು ನಾನೇ ಅವಳ ಜೊತೆ ಇಳಿದೆ.

"ನಿಮ್ಮ ಹತ್ರ ಒಂದು ವಿಷಯ ಹೇಳ್ಬೇಕು. ಆ ಪುಸ್ತಕದಲ್ಲಿ..."

"ಗೊತ್ತು ಅಕ್ಕ," ಎಂದಳು ಹುಡುಗಿ. "ಮೊದಲನೇ ವಾರ ಫೋನಲ್ಲಿ ಓದಿ ಹೇಳಿದ್ರಲ್ಲ ಅಜ್ಜಿ, ಆಗ್ಲೇ ಅನುಮಾನ ಬಂತು. ಈ ಕಟ್ಟಡದಲ್ಲಿ ಇನ್ನೂ ಎಂಟು ಮನೆ ಬರೀತಿದಾರೆ. ಒಂದು ಪುಸ್ತಕದಲ್ಲೂ ಸೊಪ್ಪಿಲ್ಲ. ನಿಮ್ಮದರಲ್ಲಿ ಮಾತ್ರ ದಿನಾ ಇದೆ, ಸ್ಟೋರಿಂದ ತಂದಿದ್ದು ಅಂತ. ಆ ಸ್ಟೋರ್ ಎಲ್ಲಿದೆ ಅಂತ ನಾನು ಒಂದು ಮಧ್ಯಾಹ್ನ ಪೂರ್ತಿ ಬಿಸಿಲಲ್ಲಿ ಹುಡುಕಿದೀನಿ."

ನಾನು ಎಲ್ಲವನ್ನೂ ಹೇಳಿದೆ. ಅವಳು ನಗಲಿಲ್ಲ. ಚೀಲದಿಂದ ಇನ್ನೊಂದು ಹಸಿರು ಪುಸ್ತಕ ತೆಗೆದು ಕೊಟ್ಟಳು. "ಇದರಲ್ಲಿ ನಿಜ ಬರೀರಿ, ಮೊದಲನೇ ದಿನದಿಂದ. ಕೊನೇ ದಿನ ಅಜ್ಜಿ ಪುಸ್ತಕ ಅವರ ಕೈಯಿಂದಲೇ ಈಸ್ಕೊಳ್ತೀನಿ. ಕೆಳಗೆ ಬಂದು ಬದಲಾಯಿಸ್ಕೊಳ್ಳೋಣ. ಪಾಪ, ಅವರಿಗೆ ಯಾಕೆ ಗೊತ್ತಾಗ್ಬೇಕು?"

ಮಧ್ಯಾಹ್ನದ ಬಿಡುವಿನಲ್ಲಿ, ಟೈಲ್ಸ್ ಪೆಟ್ಟಿಗೆಗಳ ಮಧ್ಯೆ ಕೂತು ಬರೆದೆ. ಒಂದನೇ ದಿನ: ಆಲೂಗಡ್ಡೆ ಒಂದು ಕೆಜಿ, ಗೇಟಿನ ಅಂಗಡಿ. ಎರಡನೇ ದಿನ: ಏನೂ ಇಲ್ಲ. ಮೂರನೇ ದಿನ: ಏನೂ ಇಲ್ಲ. ನಾಲ್ಕು: ಈರುಳ್ಳಿ. ಐದು: ಏನೂ ಇಲ್ಲ. ಹದಿಮೂರು ದಿನದಲ್ಲಿ ಒಂಬತ್ತು ಸಲ 'ಏನೂ ಇಲ್ಲ' ಎಂದು ಬರೆದೆ. ನನ್ನ ಕೈಯಾರೆ ಬಡಿಸಿದ್ದು, ನನ್ನ ಕಣ್ಣೆದುರು ಮಗಳು ತಿಂದದ್ದು. ದಿನವೂ ಅವಳ ಮುಖ ನೋಡಿ ದಿಗಿಲುಪಡುತ್ತಿದ್ದವಳು ನಾನು ಒಂದು ದಿನವೂ ತಟ್ಟೆ ನೋಡಿರಲಿಲ್ಲ. ಅತ್ತೆ ನೋಡಿದ್ದರು. ಏನಿಲ್ಲವೋ ಅದನ್ನೇ ಹೆಸರು ಹಿಡಿದು, ತೂಕದ ಸಮೇತ ಬರೆದಿಟ್ಟಿದ್ದರು.

ಸೋಮವಾರ ಗಂಡ ಮನೆಗೆ ಬಂದಾಗ ಹೆಗಲ ಮೇಲೆ ಬ್ರೆಡ್ಡಿನ ನೀಲಿ ಕ್ರೇಟು. ತುಂಬ ಬೀನ್ಸ್, ಕ್ಯಾರೆಟ್, ಎರಡು ಎಲೆಕೋಸು, ಒದ್ದೆ ಬಟ್ಟೆ ಹೊದಿಸಿದ ಸೊಪ್ಪು. ಧಡ್ಡನೆ ಕೆಳಗಿಟ್ಟರು.

"ಕೇಳ್ದೆ," ಎಂದರು.

"ಏನಂದ?" ಅತ್ತೆ.

"ಹತ್ತು ನಿಮಿಷ ರೂಲು ಓದಿದ. ಆಮೇಲೆ, ವಾಪಸ್ ಬರೋವಾಗ ಖಾಲಿ ಕ್ರೇಟಲ್ಲಿ ಏನಿರುತ್ತೆ ಅಂತ ನಾನು ನೋಡೋಕೆ ಹೋಗಲ್ಲ ಅಂದ. ವಾರಕ್ಕೆರಡು ದಿನ. ನಾನು ಬಾಗಿಲ ಹತ್ರ ಬಂದಿದ್ದೆ, ಕರೆದು, ನಮ್ಮನೇಗೂ ಒಂದು ಕಟ್ಟು ಸೊಪ್ಪು ತಗೊಂಡ್ ಬಾ ಅಂದ. ಅವನ ಮನೆ ನಮಗಿಂತ ಆಚೆಗಂತೆ."

ಅತ್ತೆ ಎದ್ದು ಮಗನ ಬೆನ್ನ ಮೇಲೆ ಒಂದು ಗುದ್ದು ಕೊಟ್ಟರು. ಅವರ ಪ್ರೀತಿ ತೋರಿಸುವ ರೀತಿ ಅದು. ನಾನು ಎರಡು ಲೋಟ ಟೀ ಮಾಡಿ, ಗಂಡನ ಲೋಟಕ್ಕೆ ಸಕ್ಕರೆ ಒಂದು ಚಮಚ ಹೆಚ್ಚು ಹಾಕಿದೆ.

ಆಮೇಲಿನ ವಾರಗಳು ಬೀನ್ಸಿನ ನಾರು ತೆಗೆಯುವುದರಲ್ಲೇ ಕಳೆದವು ಎನ್ನಬಹುದು. ಸೋಮವಾರ, ಗುರುವಾರ ಸಂಜೆ ಹಳೇ ಪೇಪರು ಹಾಸಿ ನಾಲ್ವರೂ ಕೂರುತ್ತಿದ್ದೆವು. ಅತ್ತೆ ಯಜಮಾನಿಕೆ ವಹಿಸಿದ್ದರು: ಸೊಪ್ಪು ಮೊದಲ ದಿನ, ಬೀನ್ಸ್ ಎರಡನೇ ದಿನ, ಬೀಟ್ರೂಟ್ ಕೊನೆಗೆ. ಕ್ಯಾರೆಟ್ಟಿನ ತುದಿ ದಪ್ಪಗೆ ಕತ್ತರಿಸಿದರೆ ಮಗನಿಗೂ ಬೈಗುಳ ತಪ್ಪುತ್ತಿರಲಿಲ್ಲ.

"ನೂರೈವತ್ತು ಜನಕ್ಕೆ ಅಡುಗೆ ಮಾಡಿಸಿದೀನಿ, ಇಷ್ಟು ತುದಿ ಎಸೀತಿರ್ಲಿಲ್ಲ."

"ಅದಕ್ಕೇ ಆಸ್ಪತ್ರೆ ಊಟ ಯಾರೂ ತಿಂತಿರ್ಲಿಲ್ಲ," ಎನ್ನುತ್ತಿದ್ದರು ಗಂಡ.

ಮಾರ್ಕೆಟ್ಟಿನಲ್ಲಿ ಕೊಂಡದ್ದಕ್ಕೆ ಗಾಜಿನ ಅಂಗಡಿಯ ಮೂರನೇ ಒಂದು ಪಾಲೂ ಆಗುತ್ತಿರಲಿಲ್ಲ. ಅದೇ ಸಂಬಳ, ಅದೇ ಮನೆ. ನಡುವಿನ ದಾರಿಯನ್ನು ಒಬ್ಬ ಮನುಷ್ಯ ನೋಡಿಯೂ ನೋಡದ ಹಾಗೆ ಬಿಟ್ಟುಕೊಟ್ಟಿದ್ದ, ಅಷ್ಟೇ. ಕೆಳಗಿನ ಮನೆಯ ಟೈಲರಮ್ಮ ಕ್ರೇಟು ನೋಡಿ, "ನಂಗೂ ಅರ್ಧ ಕೆಜಿ ಬೀನ್ಸ್ ಸೇರಿಸ್ಕೊಳ್ಳಿ," ಎಂದು ಚೀಟಿ ಕೊಟ್ಟರು. ಅತ್ತೆ ಈಗ ತಂದದ್ದನ್ನು ಹಸಿರು ಪುಸ್ತಕದಲ್ಲಿ ಬರೆಯುತ್ತಿದ್ದರು. ತರಬೇಕಾದ್ದನ್ನು ಕುದುರೆಯ ಹಳೇ ಗಣಿತದ ನೋಟ್‌ಬುಕ್ಕಿನಲ್ಲಿ. ನಾನು ಮಧ್ಯಾಹ್ನ ಅದನ್ನೇ ನನ್ನ ಪುಸ್ತಕಕ್ಕೆ ಇಳಿಸುತ್ತಿದ್ದೆ. ಹದಿನಾಲ್ಕನೇ ದಿನದಿಂದ ಎರಡೂ ಪುಸ್ತಕದಲ್ಲಿ ಒಂದಕ್ಷರವೂ ವ್ಯತ್ಯಾಸವಿರಲಿಲ್ಲ.

ಐದನೇ ವಾರದ ಕೊನೆಗೆ ಕ್ಲಿನಿಕ್ಕಿನಿಂದ ಚೀಟಿ ತೆಗೆದುಕೊಂಡದ್ದು ಮಗಳೇ. ಅವಳು ಓದುವ ತನಕ ನಾನು ಕುರ್ಚಿಯ ಕೈ ಹಿಡಿದಿದ್ದೆ.

"ಹನ್ನೊಂದು ಪಾಯಿಂಟ್ ಒಂದು!"

ಡಾಕ್ಟರಮ್ಮ ಮಾತ್ರೆ ಇನ್ನೂ ಮೂರು ತಿಂಗಳು ಬಿಡಬೇಡಿ ಎಂದರು. ಓಡಲಿ, ಮೊದಲ ವಾರ ನಿಧಾನಕ್ಕೆ ಎಂದರು. ನಿಧಾನಕ್ಕೆ ಎಂಬುದು ಕೇಳಿಸುವಷ್ಟರಲ್ಲಿ ಹುಡುಗಿ ಬಾಗಿಲು ದಾಟಿದ್ದಳು. ಮೂರು ಮಹಡಿಯನ್ನೂ ಒಂದೇ ಉಸಿರಿಗೆ ಹತ್ತಿ ಅಜ್ಜಿಯ ಮುಂದೆ ನಿಂತಳು.

"ಹನ್ನೊಂದು ನಿನ್ನ ಮಾತ್ರೆದು," ಎಂದರು ಅತ್ತೆ ಚೀಟಿ ಹಿಡಿದು. "ಈ ಪಾಯಿಂಟ್ ಒಂದು ನನ್ನ ಮೊಣಕಾಲಿಂದು."

"ನನ್ನ ವ್ಯಾನಿಂದು ಏನೂ ಇಲ್ವಾ?" ಎಂದು ಗಂಡ ಒಳಗಿನಿಂದ ಕೂಗಿದರು.

ಮರುದಿನ ಸರ್ವೆಯವಳು ಪುಸ್ತಕ ಒಯ್ಯಲು ಬಂದಳು. ಕಟ್ಟಡದವರದೆಲ್ಲ ಕೂಡಿಸಿಕೊಳ್ಳಲು ಅವಳಿಗೂ ಒಂದು ವಾರ ತಡವಾಗಿತ್ತು. ಅತ್ತೆ ಹೊಸ ಸೀರೆ ಉಟ್ಟು, ಪುಸ್ತಕವನ್ನು ಎರಡೂ ಕೈಯಲ್ಲಿ ಕೊಟ್ಟರು. ಕೊಡುವಾಗ ಕೆಮ್ಮಿದರು.

"ಮೊದಮೊದಲು ಸ್ವಲ್ಪ... ನಮ್ಮ ಆಸ್ಪತ್ರೆ ಪದ್ಧತಿಲಿ ಬರೆದಿದೀನಿ ಮಗ. ನೋಡ್ಕೋ."

"ನೋಡಿದೀನಿ ಅಜ್ಜಿ. ಇಷ್ಟು ಅಚ್ಚುಕಟ್ಟಾದ ಪುಸ್ತಕ ನಂಗೆ ಇನ್ನೊಂದು ಸಿಕ್ಕಿಲ್ಲ," ಎಂದಳು ಅವಳು. ಅದು ಸುಳ್ಳಾಗಿರಲಿಲ್ಲ.

ಗೇಟಿನ ಹತ್ತಿರ ಬದಲಾಯಿಸಿಕೊಂಡೆವು. ನನ್ನ ಪುಸ್ತಕ ಅವಳ ಚೀಲಕ್ಕೆ, ಅತ್ತೆಯದು ನನ್ನ ಕೈಚೀಲಕ್ಕೆ. ಅವಳು ಮೊದಲ ಪುಟಗಳ ಮೇಲೆ ಕಣ್ಣಾಡಿಸಿ, "ಒಂಬತ್ತು ಸಲ," ಎಂದು ತನಗೇ ಹೇಳಿಕೊಂಡಳು. ಆಮೇಲೆ ಬಸ್ಸು ಬಂತು.

ಮೇಲೆ ಬಂದರೆ ಅತ್ತೆ ಬಾಗಿಲಲ್ಲೇ ಕಾಯುತ್ತಿದ್ದರು.

"ಏನಾದ್ರೂ ಅಂದ್ಲಾ?"

"ಅಕ್ಷರ ಮುದ್ದಾಗಿದೆ ಅಂದ್ಲು."

"ತಿದ್ದುಪಡಿ?"

"ಒಂದೂ ಇಲ್ಲ ಅತ್ತೆ."

ಅವರು ತಲೆಯಾಡಿಸಿ, ಗಣಿತದ ನೋಟ್‌ಬುಕ್ಕು ತೆರೆದು ಮೇಜಿಗೆ ಕೂತರು. ಪೆನ್ನು ಟಿಕ್ ಎಂದಿತು. "ನಾಳೆಗೆ ಏನು ಬರೀಲಿ?"

"ಸೊಪ್ಪು ಬರೀರಿ. ಎರಡು ಕಟ್ಟು."

ಕೈಚೀಲದಲ್ಲಿ ಹದಿಮೂರು ದಿನದ ಪಾಲಕ್, ಬೀಟ್ರೂಟ್, ಬೀನ್ಸ್ ಇದ್ದವು, ಯಾರೂ ತಿನ್ನದೇ ಇದ್ದವು. ಅವನ್ನು ಬರೆಯದಿದ್ದರೆ ಆಮೇಲಿನವು ಬರುತ್ತಿರಲಿಲ್ಲ. ನಾಳೆ ಅಂಗಡಿಗೆ ಒಯ್ದು, ನನ್ನ ಡ್ರಾಯರಿನ ತಳದಲ್ಲಿ ಹಳೇ ಬಿಲ್ಲುಗಳ ಕೆಳಗೆ ಇಟ್ಟು ಬೀಗ ಹಾಕಬೇಕು. ಗಂಡನಿಗೆ ಹೇಳಿದರೆ ನಗುತ್ತಾ ತಾಯಿಗೆ ಹೇಳಿಬಿಡುತ್ತಾರೆ. ಮಗಳಿಗೆ ಹೇಳಿದರೆ ಇಡೀ ಕಟ್ಟಡಕ್ಕೆ ಗೊತ್ತಾಗುತ್ತದೆ. ಯಾರಿಗೂ ಹೇಳುವುದಿಲ್ಲ ಎಂದು ತೀರ್ಮಾನಿಸಿ, ಕೈಚೀಲವನ್ನು ಎತ್ತರದ ಮೊಳೆಗೆ ನೇತುಹಾಕಿ, ಪೇಪರು ಹಾಸಿ, ಬೀನ್ಸಿನ ನಾರು ತೆಗೆಯಲು ಕೂತೆ.